ಜುಲೈ ಒಂದರ ಇಂಕ್ರಿಮೆಂಟು

ಖಜಾನೆ ಬರಿದಾದಂದಿನಿಂದ ಸರ್ಕಾರ ಇಂಕ್ರಿಮೆಂಟನ್ನು ದುಡ್ಡಿನ ಬದಲು ವಯಸ್ಸಿನಲ್ಲಿ ಕೊಡುತ್ತಿತ್ತು. ಪ್ರತಿ ಜುಲೈ ಒಂದಕ್ಕೆ ನೌಕರರು ಮೂರು ವರ್ಷ ಚಿಕ್ಕವರಾಗುತ್ತಿದ್ದರು. ಮೊದಲ ಸಲ ತಲೆಗೂದಲು ಕಪ್ಪಾದಾಗ ಗುಮಾಸ್ತ ಫಣಿರಾಜಯ್ಯ ಕಚೇರಿಗೆಲ್ಲ ಮೈಸೂರು ಪಾಕು ಹಂಚಿದ್ದರು. ಈಗ ಅವರು ಇಪ್ಪತ್ತೆಂಟರ ಹುಡುಗ. ಹೆಂಡತಿ ಸುಮಿತ್ರಮ್ಮನಿಗೆ ಅರವತ್ತು. ಕಳೆದ ತಿಂಗಳು ತರಕಾರಿಯವಳು, "ಚೀಲ ಮಗನ ಕೈಗೆ ಕೊಡಿ ಅಮ್ಮಾ" ಅಂದಾಗ ಸುಮಿತ್ರಮ್ಮ ನಗಲಿಲ್ಲ.

ತಪ್ಪು ಮಾಡಿದವರ ಇಂಕ್ರಿಮೆಂಟು ತಡೆಯುವ ಹಳೆಯ ನಿಯಮವೊಂದು ಇನ್ನೂ ಇತ್ತು. ಈ ಜುಲೈಯ ಇಂಕ್ರಿಮೆಂಟಾದರೂ ನಿಲ್ಲಲೆಂದು ಅದನ್ನೇ ನಂಬಿ ಫಣಿರಾಜಯ್ಯ ತಿಂಗಳಿಡೀ ಹನ್ನೆರಡಕ್ಕೆ ಕಚೇರಿಗೆ ಬಂದರು, ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದರು, ಒಂದು ಫೈಲನ್ನೂ ಮುಟ್ಟಲಿಲ್ಲ. ಯಾರೂ ಕೇಳಲಿಲ್ಲ. ಕೊನೆಗೆ ತಾವೇ ಮ್ಯಾನೇಜರ್ ಮುಂದೆ ಹೋಗಿ ನಿಂತರು.

"ಮೇಡಂ, ನಂಗೆ ಶಿಕ್ಷೆ ಕೊಡಿ. ಒಂದು ತಿಂಗಳಿಂದ ಏನೂ ಕೆಲಸ ಮಾಡಿಲ್ಲ."

ಮೇಡಂ ಕನ್ನಡಕ ಸರಿಮಾಡಿಕೊಂಡರು. "ಮೂವತ್ತೈದು ವರ್ಷದಿಂದ ನೀವು ಹೀಗೇ ಇದ್ದೀರಲ್ರೀ. ಈಗ ಹೊಸದಾಗಿ ಏನು ತಪ್ಪು ಮಾಡಿದ್ರಿ, ಹೇಳಿ?"

ಫಣಿರಾಜಯ್ಯ ತಮ್ಮ ಮೇಜಿಗೆ ಮರಳಿ ಮತ್ತೆ ತಲೆಯಿಟ್ಟರು.

ಸಂಜೆ ಮಾರ್ಕೆಟ್ಟಿಗೆ ಹೊರಟ ಹೆಂಡತಿಯ ಕೈಯಿಂದ ಅವರು ಚೀಲ ಇಸಿದುಕೊಂಡರು. ಮದುವೆಯಾದಾಗಿನಿಂದ "ರೀ" ಎಂದೇ ಕರೆಯುತ್ತಿದ್ದ ಸುಮಿತ್ರಮ್ಮ ಅವರ ಮುಖವನ್ನೊಮ್ಮೆ ನೋಡಿ, "ನಡಿಯಪ್ಪ" ಎಂದರು.