ತತ್ತಿ ತಿನ್ನೋರ ಪಂಕ್ತಿ

ತಾಲೂಕಿನಿಂದ ಸಾಹೇಬರು ಇಂಗ್ಲಿಷ್ ಪಾಠ ನೋಡಲು ಬರುವ ದಿನ. ಬೆಳಗಿನ ತಾಲೀಮಿನಲ್ಲಿ ಎಂಟನೆಯ ತರಗತಿಯ ಪಲ್ಲವಿ ಎದ್ದು ನಿಂತು ಎರಡು ವಾಕ್ಯ ಹೇಳಿದಳು: "ಐ ಆ್ಯಮ್ ಇನ್‌ಸಲ್ಟೆಡ್. ದಿ ಎಗ್ ಲೈನ್ ಈಸ್ ಇನ್‌ಸಲ್ಟಿಂಗ್." ನನಗೆ ಅವಮಾನವಾಗಿದೆ, ಅವಮಾನ ಮಾಡುವುದು ತತ್ತಿಯವರ ಪಂಕ್ತಿ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮುಖ್ಯಗುರು ದೌಲತರಾಯರ ಮುಖ ಕಪ್ಪಿಟ್ಟಿತು.

ತಪ್ಪು ಯಾರದೆಂದರೆ ಅತಿಥಿ ಶಿಕ್ಷಕಿ ಸಪ್ನಾಳದೇ. ಇಂಗ್ಲಿಷಿನಲ್ಲಿ ಮನಸ್ಸಿಗೆ ಏನನ್ನಿಸಿತು ಎಂಬುದಕ್ಕೊಂದು ಮಾತು, ಯಾವುದರಿಂದ ಅನ್ನಿಸಿತು ಎಂಬುದಕ್ಕೊಂದು ಮಾತು. ಬೇಸರಪಟ್ಟ ನಾನು 'ಬೋರ್ಡ್', ಬೇಸರ ತರಿಸಿದ ಪಾಠ 'ಬೋರಿಂಗ್' ಎಂದು ವಾರವೆಲ್ಲ ಗಂಟಲು ಹರಿದುಕೊಂಡು ಕಲಿಸಿದವಳು ಅವಳು. ಗೈಡಿನದು ಬೇಡ, ನಿಮ್ಮ ಮನಸ್ಸಿನದು ಹೇಳಿರಿ ಎಂದವಳೂ ಅವಳೇ. ಉಳಿದ ಮಕ್ಕಳು ಸಿನಿಮಾ, ಕ್ರಿಕೆಟ್ ಎಂದು ಪಾರಾಗಿದ್ದರು. ಬುದ್ಧವಿಹಾರದ ಓಣಿಯ ಈ ಹುಡುಗಿ ಮಾತ್ರ ನಿಜ ಹೇಳಿಬಿಟ್ಟಳು.

ಹೌದು ಮತ್ತೆ, ನಿಜವೇ. ಬಿಸಿಯೂಟದ ಹೊತ್ತಿಗೆ ತತ್ತಿಯ ಬದಲು ಬಾಳೆಹಣ್ಣು ತಿನ್ನುವ ಮಕ್ಕಳು ಪಡಸಾಲೆಯ ನೆರಳಿನಲ್ಲಿ, ತತ್ತಿಯ ಮಕ್ಕಳು ನೀರಿನ ಟಾಕಿಯ ಹಿಂದೆ ಬಿಸಿಲಿನಲ್ಲಿ. ಸರಕಾರ ಕೊಟ್ಟ ತತ್ತಿ ತಿಂದದ್ದಕ್ಕೆ ಈ ಶಿಕ್ಷೆ! ಊರ ಹಿರಿಯರ ಮನಸ್ಸು ನೋಯಬಾರದೆಂದು ದೌಲತರಾಯರೇ ಮಾಡಿದ ಏರ್ಪಾಡು. ಮಕ್ಕಳಿಗೆ ಮನಸ್ಸೇ ಇರುವುದಿಲ್ಲ ನೋಡಿ. ಸಪ್ನಾಳಿಗೆ ಇದು ಕಾಣದೆ ಇರಲಿಲ್ಲ, ಆದರೆ ಅತಿಥಿ ಶಿಕ್ಷಕಿ ಬಾಯಿ ಬಿಟ್ಟರೆ ನೌಕರಿ ಹೋಯಿತೆಂದೇ ಲೆಕ್ಕ.

ಮುಖ್ಯಗುರುಗಳು ಅವಳನ್ನು ಬದಿಗೆ ಕರೆದರು. "ಹುಡುಗಿ ಮೊದಲನೇ ವಾಕ್ಯ ಅನ್ನಲಿ. ಅವಮಾನ ಆಗ್ಯಾದ ಅನ್ನಲಿ, ನಾ ಬ್ಯಾಡ ಅನ್ನಂಗಿಲ್ಲ. ಯಾದರಿಂದ ಅಂತ ಅನಬಾರದು. ಅಂದ್ಳಂದ್ರ ನಾಳಿಂದ ನೀವೂ ಬರೂದು ಬ್ಯಾಡ್ರಿ."

ಸಪ್ನಾ ತಲೆ ತಗ್ಗಿಸಿ ಆ ಮಾತನ್ನು ಪಲ್ಲವಿಗೆ ಮುಟ್ಟಿಸಿದಳು. ಹುಡುಗಿ ಕೇಳಿದಳು: "ಹಂಗಾದ್ರ ಅವಮಾನ ತನ್ನಷ್ಟಕ್ಕ ತಾನ ಆಗ್ತದೇನ್ರಿ ಟೀಚರ್?"

ಸಪ್ನಾ ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಕಡೆಗೆ ತಿರುಗಿದಳು.

ಸಾಹೇಬರು ಬಂದರು. ಪಲ್ಲವಿ ಎದ್ದು ಮೊದಲನೆಯ ವಾಕ್ಯವೊಂದನ್ನೇ ಹೇಳಿ ಕುಳಿತಳು. ಸಾಹೇಬರು ಶಾಬಾಸ್ ಎಂದು ಚಪ್ಪಾಳೆ ತಟ್ಟಿದರು. ನನಗೆ ಅವಮಾನವಾಗಿದೆ ಎಂದ ಕೂಸಿಗೆ ಶಾಬಾಸ್! ಯಾಕವ್ವಾ, ಏನಾಯಿತು ಎಂದು ಒಂದು ಮಾತು ಕೇಳಲಿಲ್ಲ ಪುಣ್ಯಾತ್ಮ. ದೌಲತರಾಯರೂ ಜೊತೆಗೆ ಚಪ್ಪಾಳೆ ತಟ್ಟಿದರು.

ಊಟದ ಗಂಟೆ ಹೊಡೆಯಿತು. ಮುಖ್ಯಗುರುಗಳ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಮೇಜು ಸಿದ್ಧವಾಗಿತ್ತು. ಸಾಹೇಬರಿಗೆ ಇಷ್ಟವೆಂದು ಅಫಜಲಪುರ ರಸ್ತೆಯ ಧಾಬಾದಿಂದ ಎಗ್ ಮಸಾಲಾ ತರಿಸಿದ್ದರು. ಅದನ್ನು ತಾಟಿಗೆ ಬಡಿಸಿ, ಒಳಗೆ ಒಯ್ದಿಡಿರಿ ಎಂದು ದೌಲತರಾಯರು ಸಪ್ನಾಳ ಕೈಗೆ ಕೊಟ್ಟರು.

ಸಪ್ನಾ ತಾಟಿನಲ್ಲಿದ್ದ ತತ್ತಿಗಳನ್ನು ನೋಡಿದಳು. ಟಾಕಿಯ ಹಿಂದಕ್ಕೆ ಹೊರಟಿದ್ದ ಪಲ್ಲವಿಯನ್ನು ನೋಡಿದಳು. ಕೋಣೆಯ ಬಾಗಿಲು ಬಿಟ್ಟು ಸೀದಾ ಅಂಗಳ ದಾಟಿ ಹೋದಳು. ಸುಡುವ ನೆಲದ ಮೇಲೆ, ಪಂಕ್ತಿಯ ಕೊನೆಗೆ, ಪಲ್ಲವಿಯ ಪಕ್ಕದಲ್ಲಿ ತಾಟನ್ನಿಟ್ಟು, ಕೋಣೆಯ ಕಡೆಗೆ ತಿರುಗಿ ನಿಂತು ಕರೆದಳು:

"ಬರ್ರಿ ಸಾಹೇಬ್ರ. ನಮ್ಮ ಸಾಲ್ಯಾಗ ತತ್ತಿ ತಿನ್ನೋರು ಇಲ್ಲೇ ಕೂಡ್ತಾರ್ರಿ."