ಬಿಳಿ ಹುಂಜ

ಆಮ್ಲಜನಕದ ಮಾಸ್ಕ್ ಪಕ್ಕಕ್ಕೆ ಸರಿಸಿ ದೂಮಪ್ಪ ಮೂರನೆಯ ಸಲವೂ ಅದನ್ನೇ ಹೇಳಿದ. “ನಾನು ಕೋಳಿ ಮುಟ್ಟಲೇ ಇಲ್ಲ ಡಾಕ್ಟ್ರೇ.”

“ನಿಮ್ಮ ಎದೆಯಲ್ಲಿರುವುದು ಹಕ್ಕಿಜ್ವರ ಮಾರಾಯ್ರೆ. ಆ ಕೋಳಿ ಎಲ್ಲಿ ಉಂಟು ಅಂತ ಗೊತ್ತಾಗದಿದ್ರೆ ಇನ್ನೆಷ್ಟು ಜನ ಹೀಗೆ ಮಲಗಬೇಕೋ.”

ಅವನ ಕಣ್ಣು ಸೋಂಕಿನ ವಾರ್ಡಿಗೆ ಯಾರೂ ಬಾರದಂತೆ ಬಾಗಿಲು ಕಾಯುತ್ತಿದ್ದ ಪೊಲೀಸ್ ಪೇದೆಯ ಮೇಲೇ ಇತ್ತು. ಡಾಕ್ಟರಿಗೆ ಅರ್ಥವಾಯಿತು. ಪೇದೆಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು.

“ಹುಂಜ ಕಾದಿಸಲಿಕ್ಕೆ ಕೋಳಿ ಅಂಕಕ್ಕೆ ಹೋಗಿದ್ರಾ? ನಾನು ಕೇಸು ಹಾಕ್ಲಿಕ್ಕೆ ಬಂದವಳಲ್ಲ, ಹೇಳಿ.”

“ಹೋದ ಆದಿತ್ಯವಾರ. ನನ್ನ ಬಿಳಿ ಹುಂಜ ಉಸಿರು ಕಟ್ಟಿ ಬಿತ್ತು. ಕೊಕ್ಕಿಗೆ ಬಾಯಿಟ್ಟು ಗಾಳಿ ಊದಿದೆ, ಎದ್ದಿತು. ಅಷ್ಟರಲ್ಲಿ ಪೊಲೀಸರು ಬಂದ್ರು. ನಾನು ಓಡಿದೆ. ಇದ್ದ ಹುಂಜಗಳನ್ನೆಲ್ಲ ಅವರು ಜೀಪಿಗೆ ತುಂಬಿಸಿಕೊಂಡು ಹೋದ್ರು.”

ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಎಲ್ಲವೂ ಠಾಣೆಯಲ್ಲಿ, ಒಂದೇ ಕಡೆ ಇವೆ. ಹೊರಗೆ ಬಂದು ಪೇದೆಯನ್ನು ಕೇಳಿದರು.

“ಅಂಕದಲ್ಲಿ ಹಿಡಿದ ಹುಂಜಗಳಾ? ಮರುದಿನವೇ ಹರಾಜು ಹಾಕಿದ್ದಲ್ವಾ ಮೇಡಂ. ಹತ್ತು ಹುಂಜ ಹತ್ತು ಊರಿಗೆ ಹೋದವು.”

ಡಾಕ್ಟರು ಊರುಗಳ ಹೆಸರು ಬರೆದುಕೊಳ್ಳಲು ಪೆನ್ನು ತೆಗೆದರು. “ಬಿಳಿಯದ್ದು?”

“ಅದೊಂದನ್ನು ಯಾರೂ ಕೂಗಲಿಲ್ಲ. ಪಾಪ, ತೂಕಡಿಸಿಕೊಂಡು ಕೂತಿತ್ತು.” ಪೇದೆ ನಕ್ಕ. “ನಾನೇ ಮನೆಗೆ ತಗೊಂಡು ಹೋದೆ. ನನ್ನ ಮಗಳು ಅದನ್ನು ಮಡಿಲಿಂದ ಇಳಿಸುವುದೇ ಇಲ್ಲ.”