ಠಾಣೆಯ ಬೆಂಚು

"ನಡಿ, ನಿನ್ನ ಬಿಡೋಕೆ ಇನ್ಸ್‌ಪೆಕ್ಟರ್ ಒಪ್ಪಿದಾರೆ," ಎಂದು ವಕೀಲರು ಮಗಳ ತೋಳು ಹಿಡಿದು ಬೆಂಚಿನಿಂದ ಎಬ್ಬಿಸಿದರು. ಎಲ್ಲರೆದುರು ಮಗಳ ಗೆಳತಿ ಗುಬ್ಬಿಯ ಕೆನ್ನೆಗೆ ಹೊಡೆದಿದ್ದ ಪ್ರಿನ್ಸಿಪಾಲರ ಕಾರಿನ ಗಾಜು ಪುಡಿಯಾಗಿತ್ತು, ಗೆಳತಿಯರಿಬ್ಬರೂ ಠಾಣೆಯಲ್ಲಿದ್ದರು. ಗುಬ್ಬಿಯನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ.

"ಇವಳು?" ಮಗಳು ಗುಬ್ಬಿಯತ್ತ ಕೈ ತೋರಿಸಿದಳು.

"ನಿನ್ನ ಕೆಡಿಸಿದ್ದೇ ಅವಳು! ಕಲ್ಲು ಹೊಡೆದಿದ್ದೂ ಅವಳೇ ಅಂತ ಹೇಳಿದೀನಿ."

ಮಗಳು ತೋಳು ಕೊಡವಿಕೊಂಡು ಮತ್ತೆ ಕೂತಳು. "ಹೊಡೆದವಳು ನಾನು," ಎಂದಳು, ಇಡೀ ಠಾಣೆಗೆ ಕೇಳುವಂತೆ. "ಬೇಡ ಕಣೇ ಅಂತ ಇವಳು ಕೈ ಹಿಡ್ಕೊಂಡಿದ್ಲು."

"ಬಾಯ್ಮುಚ್ಚು! ನನ್ನ ಮಾನ ಹರಾಜು ಹಾಕ್ತೀಯಾ?"

"ಹಾಗಾದ್ರೆ ನೀವು ಹೋಗಿ, ಅಪ್ಪ. ನಾವು ಒಟ್ಟಿಗೆ ಬಂದ್ವಿ, ಒಟ್ಟಿಗೇ ಹೋಗ್ತೀವಿ."

ಗುಬ್ಬಿಯ ಕೈಯನ್ನು ಅವಳು ಬಿಗಿಯಾಗಿ ಹಿಡಿದುಕೊಂಡಳು. ವಕೀಲರು ದುರ್ದಾನ ತೆಗೆದುಕೊಂಡವರಂತೆ ಬಾಗಿಲವರೆಗೆ ಹೋದರು, ನಿಂತರು. ಆಮೇಲೆ ತಿರುಗಿ ಬಂದು ಇನ್ಸ್‌ಪೆಕ್ಟರ್ ಎದುರಿನ ಕುರ್ಚಿ ಎಳೆದುಕೊಂಡರು.

"ಆಗ ನಾನು ಹೇಳಿದ್ದು ಸುಳ್ಳು," ಎಂದರು.